ಹಿತ್ತಲಿಗೆ ನರಿ ಯಾಕೆ ಬರುತ್ತಿದೆ? ಲಂಡನ್ ಮನೆಗೊಂದು ದೋಷ ನಿವಾರಣೆ ಕೈಪಿಡಿ

ಬೆಳಿಗ್ಗೆ ಹಿಂಬಾಗಿಲು ತೆಗೆದರೆ ಮೆಂತ್ಯದ ಪಾತಿ ಚೆಲ್ಲಾಪಿಲ್ಲಿ. ಕರಿಬೇವಿನ ಕುಂಡ ಅಡ್ಡ ಬಿದ್ದಿದೆ. ರಾತ್ರಿ ಹೊರಗೆ ಬಿಟ್ಟಿದ್ದ ಒಂದು ಜೊತೆ ಚಪ್ಪಲಿಯಲ್ಲಿ ಒಂದು ಮಾತ್ರ ಉಳಿದಿದೆ. ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್ ಕಡೆ ಮನೆ ಮಾಡಿರುವ ನಮ್ಮವರಿಗೆ ಇದು ಹೊಸದೇನಲ್ಲ. ನಮ್ಮನೆಯಲ್ಲಿ ಕಳೆದ ವರ್ಷ ಮೇ ತಿಂಗಳಿಂದ ಅಕ್ಟೋಬರ್‌ವರೆಗೂ ಇದೇ ಪಾಡು. ನರಿ ಮುಖ ನೋಡಿ ಎದ್ದರೆ ಅದೃಷ್ಟ ಅನ್ನುತ್ತಾರಲ್ಲ, ನಾನು ವಾರಕ್ಕೆ ನಾಲ್ಕು ದಿನ ನೋಡಿದೆ. ಬಂದದ್ದು ಗುಂಡಿ ಮುಚ್ಚುವ ಕೆಲಸ ಮಾತ್ರ.

ಶುರುವಿನಲ್ಲೇ ನಾನು ಎಡವಿದೆ. ನಮ್ಮ ಕಿವಿಗೆ ಕೇಳದಷ್ಟು ಕೀಚಲು ಸದ್ದು ಮಾಡಿ ಪ್ರಾಣಿಗಳನ್ನು ಓಡಿಸುವ ಅಲ್ಟ್ರಾಸೋನಿಕ್ ಯಂತ್ರ ತಂದೆ, ಮೆಣಸಿನ ಪುಡಿ ಎರಚಿದೆ, ಬೇಲಿಯ ತೂತಿಗೆ ಇಟ್ಟಿಗೆ ಇಟ್ಟೆ. ಮೂರೂ ಒಂದೇ ಶನಿವಾರ. ಒಂದು ವಾರ ನರಿ ಬರಲಿಲ್ಲ, ಆಮೇಲೆ ಬಂತು. ಮೂರರಲ್ಲಿ ಯಾವುದು ಕೆಲಸ ಮಾಡಿತ್ತು, ಯಾವುದು ಕೈಕೊಟ್ಟಿತು ಅಂತ ಗೊತ್ತಾಗಲೇ ಇಲ್ಲ. ಮಿಕ್ಸಿ ರಿಪೇರಿ ಮಾಡುವವನು ಮೊದಲು ಪ್ಲಗ್ ನೋಡುತ್ತಾನೆ, ಆಮೇಲೆ ವೈರು, ಕೊನೆಗೆ ಮೋಟರು. ನಾನು ಮೂರನ್ನೂ ಒಟ್ಟಿಗೆ ಬದಲಾಯಿಸಿ ಕೂತಿದ್ದೆ.

ಹಾಗಾಗಿ ಈ ಕೈಪಿಡಿಯ ಹಿಂದಿರುವ ಲೆಕ್ಕ ಇಷ್ಟು. ನರಿ ಬರುವುದು ಲಕ್ಷಣ. ದೋಷ ನಿಮ್ಮ ಹಿತ್ತಲಿನಲ್ಲೋ ಅಕ್ಕಪಕ್ಕದಲ್ಲೋ ಎಲ್ಲೋ ಇರುತ್ತದೆ. ಅದು ಊಟಕ್ಕೆ ಬರುತ್ತದೆ, ಇಲ್ಲವೇ ಮಲಗಲು, ಮರಿ ಹಾಕಲು ಬರುತ್ತದೆ, ಇಲ್ಲವೇ ಸುಮ್ನೆ ಹಾದು ಹೋಗುತ್ತದೆ. ಇದರಲ್ಲಿ ಯಾವುದು ಅಂತ ಗೊತ್ತಾಗುವ ತನಕ ದುಡ್ಡು ಬಿಚ್ಚಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ಕಾಯಿರಿ.

ಮೊದಲ ಪರೀಕ್ಷೆ: ಬಂದದ್ದು ನರಿಯೇ ಹೌದಾ?

ನಮ್ಮೂರಲ್ಲಿ ಸಂಜೆ ಹೊತ್ತು ಗುಂಪಾಗಿ ಊಳಿಡುವ, ಕಬ್ಬಿನ ಗದ್ದೆಗೆ ನುಗ್ಗುವ ನರಿ ಹೆಚ್ಚಾಗಿ ಗೋಲ್ಡನ್ ಜಾಕಲ್ ಎಂಬ ಪ್ರಾಣಿ. ಇಲ್ಲಿಯದು ರೆಡ್ ಫಾಕ್ಸ್. ಕೆಂಚು ಮೈ, ಪೊದೆಯಂಥ ಬಾಲ, ತುದಿಗೆ ಹಲವು ಸಲ ಬಿಳಿ. ತೂಕ 5ರಿಂದ 7 ಕಿಲೋ, ಅಂದರೆ ದಪ್ಪ ಬೆಕ್ಕಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಕನ್ನಡದಲ್ಲಿ ಎರಡಕ್ಕೂ ನರಿ ಅಂತಲೇ ಹೆಸರು, ಇಲ್ಲೂ ಹಾಗೇ ಬರೆಯುತ್ತೇನೆ.

ಆದರೆ ಹಿತ್ತಲು ಅಗೆಯುವವರು ಬೇರೆಯವರೂ ಇದ್ದಾರೆ. ಹೂವಿನ ಗೆಡ್ಡೆ ನೆಟ್ಟ ಜಾಗದಲ್ಲಿ ಚಿಕ್ಕ ಚಿಕ್ಕ ತೂತು ಕಂಡರೆ ಅದು ಅಳಿಲು. ಬೆಕ್ಕು ಅಗೆದು, ಕೆಲಸ ಮುಗಿಸಿ, ಮಣ್ಣು ಮುಚ್ಚಿ ಹೋಗುತ್ತದೆ. ಹುಲ್ಲುಹಾಸನ್ನು ಚಾಪೆ ಸುತ್ತಿದ ಹಾಗೆ ದೊಡ್ಡದಾಗಿ ಕಿತ್ತು ಹಾಕಿದ್ದರೆ, ಪಕ್ಕದಲ್ಲಿ ಗುಂಡಿ ತೋಡಿ ಅದರೊಳಗೆ ಮಲ ಬಿಟ್ಟಿದ್ದರೆ ಬ್ಯಾಜರ್, ಅಂದರೆ ಬಿಲ ತೋಡಿ ಬದುಕುವ ಕಪ್ಪು-ಬಿಳಿ ಪಟ್ಟೆ ಮುಖದ ಪ್ರಾಣಿ, ಬಂದಿದೆ ಅಂತ ಅನುಮಾನಿಸಿ. ಅದರ ಬಿಲಕ್ಕೆ 1992ರ ಪ್ರತ್ಯೇಕ ಕಾಯ್ದೆಯ ರಕ್ಷಣೆ ಇದೆ, ಮುಟ್ಟುವ ಹಾಗಿಲ್ಲ. ನರಿ ತೋಡುವುದು ಮೇಲೆ ಅಗಲ, ಕೆಳಗೆ ಚೂಪಾದ ಸಣ್ಣ ಗುಂಡಿ. ಮತ್ತೆ ತನ್ನ ಹಿಕ್ಕೆಯನ್ನು ಎಲ್ಲರಿಗೂ ಕಾಣುವ ಜಾಗದಲ್ಲೇ ಇಡುತ್ತದೆ: ಮೆಟ್ಟಿಲ ಮೇಲೆ, ಕಲ್ಲಿನ ಮೇಲೆ, ಮಗುವಿನ ಆಟದ ಲಾರಿಯ ಮೇಲೆ. ಕಪ್ಪಗಿರುತ್ತದೆ, ಒಂದು ತುದಿ ತಿರುಚಿ ಚೂಪಾಗಿರುತ್ತದೆ, ಒಳಗೆ ಕೂದಲೋ ಹಣ್ಣಿನ ಬೀಜವೋ ಕಾಣುತ್ತದೆ. ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ.

ಹೆಜ್ಜೆ ಗುರುತು ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ನಮಗೆ ಅದು ಸಿಕ್ಕಿದ್ದು ಅಮ್ಮನ ರಂಗೋಲಿಯಲ್ಲಿ. ಅರಸೀಕೆರೆ ಕಡೆಯಿಂದ ಆರು ತಿಂಗಳಿಗೆ ಬಂದಿದ್ದ ಅಮ್ಮ ಹಿಂಬಾಗಿಲಿಗೂ ದಿನಾ ಸಂಜೆ ಒಂದು ಎಳೆ ಎಳೆಯುತ್ತಿದ್ದಳು. ಬೆಳಿಗ್ಗೆ ಅದರ ಮೇಲೆ ಉದ್ದುದ್ದಕ್ಕೆ ನಾಲ್ಕು ಹೆಜ್ಜೆ. ನರಿಯ ಹೆಜ್ಜೆ ಸುಮಾರು 5 ಸೆಂಟಿಮೀಟರ್ ಉದ್ದ, ಕಿರಿದು, ಉಗುರು ಕಾಣುತ್ತದೆ. ಮುಂದಿನ ಎರಡು ಬೆರಳು ಅಕ್ಕಪಕ್ಕದ ಎರಡು ಬೆರಳಿಗಿಂತ ಸಾಕಷ್ಟು ಮುಂದಕ್ಕಿರುತ್ತವೆ. ಆ ನಡುವೆ ಅಡ್ಡಕ್ಕೆ ಒಂದು ಬೆಂಕಿಕಡ್ಡಿ ಇಟ್ಟರೆ ಯಾವ ಬೆರಳಿಗೂ ತಾಗುವುದಿಲ್ಲ. ನಾಯಿಯ ಹೆಜ್ಜೆಯಲ್ಲಿ ಹೀಗೆ ಜಾಗ ಸಿಗುವುದು ಕಷ್ಟ. ಬೆಕ್ಕಿನ ಹೆಜ್ಜೆ ದುಂಡಗಿರುತ್ತದೆ, ಉಗುರು ಮೂಡುವುದಿಲ್ಲ. ರಂಗೋಲಿ ಅಭ್ಯಾಸ ಇಲ್ಲದವರು ಬೇಲಿ ಪಕ್ಕ ಒಣ ಮರಳು ಹರಡಿ ಸಮ ಮಾಡಿಟ್ಟರೂ ಆಯಿತು. ರಾತ್ರಿ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ಬಂದದ್ದು ಯಾರು ಅನ್ನುವುದಕ್ಕಿಂತ ಎಲ್ಲಿಂದ ಬಂತು, ಎಲ್ಲಿ ನಿಂತಿತು, ಬಾಯಲ್ಲಿ ಏನಿತ್ತು ಅನ್ನುವುದು ಅದರಿಂದ ತಿಳಿಯುತ್ತದೆ.

ಲಕ್ಷಣ: ಪಾತಿ, ಕುಂಡದ ಮಣ್ಣನ್ನೇ ಅಗೆಯುತ್ತದೆ

"ನಮ್ಮದು ಸಸ್ಯಾಹಾರಿ ಮನೆ. ಅದಕ್ಕೆ ಇಲ್ಲಿ ತಿನ್ನಲು ಏನಿದೆಯೋ?" ಇದು ಅಮ್ಮನ ಪ್ರಶ್ನೆ. ನ್ಯಾಯವಾದ ಪ್ರಶ್ನೆ ಅಲ್ವಾ? ಮೆಂತ್ಯ ನರಿಗೆ ಯಾಕೆ? ಗಮನಿಸಿ ನೋಡಿದರೆ ಎಲ್ಲ ಪಾತಿಯನ್ನೂ ಅಗೆದಿರಲಿಲ್ಲ. ಅಮ್ಮ ಹೊಸದಾಗಿ ಮಾಡಿದ ಎರಡು ಪಾತಿ, ಮೂರು ಕುಂಡ ಮಾತ್ರ. ಹಳೆಯ ಗುಲಾಬಿ ಪಾತಿಯ ತಂಟೆಗೇ ಹೋಗಿರಲಿಲ್ಲ.

ದೋಷ ಹುಡುಕುವಾಗ ಈ ವ್ಯತ್ಯಾಸವೇ ಮುಖ್ಯ. ಅಗೆದ ಜಾಗಕ್ಕೂ ಅಗೆಯದ ಜಾಗಕ್ಕೂ ಏನು ಬೇರೆ? ಶೆಡ್ಡಿಗೆ ಹೋಗಿ ಗೊಬ್ಬರದ ಡಬ್ಬ ನೋಡಿದೆ. ಇಲ್ಲಿನ ಎಲ್ಲ ತೋಟದ ಅಂಗಡಿಗಳಲ್ಲೂ ಸಿಗುವ ಸಾಮಾನ್ಯ ಗೊಬ್ಬರ. ಹೆಸರೇ "ಫಿಶ್, ಬ್ಲಡ್ ಅಂಡ್ ಬೋನ್". ಒಣಗಿದ ಮೀನು, ರಕ್ತ, ಮೂಳೆ ಪುಡಿ ಮಾಡಿದ್ದು. ಡಬ್ಬದ ಮೇಲೆ ಟೊಮೆಟೊ ಚಿತ್ರ ನೋಡಿ ಅಮ್ಮ ಹಿಡಿ ಹಿಡಿಯಾಗಿ ಹಾಕಿದ್ದಳು. ನರಿಯ ಮೂಗಿಗೆ ಅಲ್ಲೊಂದು ಹೆಣ ಹೂತಿದೆ ಅಂತಲೇ ಅನಿಸುತ್ತದೆ. ಹುಡುಕಿಕೊಂಡು ಅಗೆಯುತ್ತದೆ, ಸಿಗುವುದಿಲ್ಲ, ಪಕ್ಕದಲ್ಲಿ ಅಗೆಯುತ್ತದೆ. ಡಬ್ಬದ ಹೆಸರಿನ ಅರ್ಥ ಹೇಳಿದ ದಿನ ಅಮ್ಮ ಆ ಮೆಂತ್ಯವನ್ನು ಮುಟ್ಟಲಿಲ್ಲ. ಎರಡು ಕಟ್ಟು ಎಳೆ ಸೊಪ್ಪು ಹಾಗೇ ಹೋಯಿತು.

ಪರಿಹಾರ ಸುಲಭ. ಮೂಳೆ ಪುಡಿ, ಒಣ ರಕ್ತ, ಮೀನು, ಗೊರಸು-ಕೊಂಬಿನ ಪುಡಿ, ಕೋಳಿ ಗೊಬ್ಬರದ ಗುಳಿಗೆ ಇವುಗಳನ್ನು ನಿಲ್ಲಿಸಿ. ಕಡಲಪಾಚಿ ಗೊಬ್ಬರ, ಚೆನ್ನಾಗಿ ಕೊಳೆತ ಎಲೆಗೊಬ್ಬರ ಹಾಕಿ. ಆಗಲೇ ಹಾಕಿಬಿಟ್ಟಿದ್ದರೆ ವಾಸನೆ ಹೋಗುವ ತನಕ ಪಾತಿಯ ಮೇಲೆ ತಂತಿ ಜಾಲರಿ ಮಲಗಿಸಿ, ಅಂಚಿಗೆ ಕಲ್ಲು ಹೇರಿ. ಮೊಳಕೆ ಜಾಲರಿಯ ಕಣ್ಣಿನಿಂದ ಮೇಲೆ ಬರುತ್ತದೆ. ಕಾಲಿಗೆ ತಂತಿ ಸಿಕ್ಕರೆ ನರಿಗೆ ಆಗುವುದಿಲ್ಲ. ನಮ್ಮಲ್ಲಿ ಗೊಬ್ಬರ ಬದಲಾಯಿಸಿ, ಜಾಲರಿ ಹಾಸಿ ಹನ್ನೊಂದನೇ ದಿನಕ್ಕೆ ಪಾತಿ ಅಗೆಯುವುದು ನಿಂತಿತು.

ಕುಂಡ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಕೊತ್ತಂಬರಿ ಕುಂಡದಲ್ಲಿ ಬೆರಳು ಆಡಿಸಿದ ಅಮ್ಮ ಕೂಗಿಕೊಂಡಳು. ಮಣ್ಣಿನೊಳಗೆ ಒಂದು ಇಡೀ ಕೋಳಿಮೊಟ್ಟೆ! ಒಡೆದಿಲ್ಲ, ಬಿರುಕೂ ಇಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಅನ್ನುವುದು ಅವಳ ಮೊದಲ ಅನುಮಾನ. ನಿಜ ಏನೆಂದರೆ ಜಾಸ್ತಿ ಸಿಕ್ಕಿದ್ದನ್ನು ನರಿ ಹೂತಿಟ್ಟು, ಬೇಕಾದಾಗ ಬಂದು ತೆಗೆಯುತ್ತದೆ. ಸಡಿಲ ಮಣ್ಣಿನ ಕುಂಡ ಅದಕ್ಕೆ ಹೇಳಿ ಮಾಡಿಸಿದ ತಿಜೋರಿ. ಆ ಮೊಟ್ಟೆಯ ಚಿಪ್ಪಿನ ಮೇಲೆ ಕೆಂಪು ಸಿಂಹದ ಮುದ್ರೆ ಇತ್ತು, ಇಲ್ಲಿನ ಅಂಗಡಿ ಮೊಟ್ಟೆಗಳ ಮೇಲೆ ಇರುವಂಥದ್ದು. ಅಂದರೆ ಇದು ಯಾರದೋ ಕೋಳಿಗೂಡಿನಿಂದ ಕದ್ದದ್ದಲ್ಲ. ಯಾರೋ ಕೊಂಡು ತಂದದ್ದು. ಈ ಎಳೆಗೆ ಕೊನೆಯಲ್ಲಿ ಬರುತ್ತೇನೆ. ಕುಂಡದ ಮಟ್ಟಿಗೆ ಪರಿಹಾರ, ಮಣ್ಣಿನ ಮೇಲೆ ಮುಷ್ಟಿ ಗಾತ್ರದ ಕಲ್ಲು ಜೋಡಿಸಿಡುವುದು. ಅಷ್ಟೇ.

ಲಕ್ಷಣ: ಹುಲ್ಲುಹಾಸಿನಲ್ಲಿ ಗುಂಡಿಗಳು, ಹುಲ್ಲು ಕೈಗೇ ಬರುತ್ತದೆ

ಸೆಪ್ಟೆಂಬರ್ ಹೊತ್ತಿಗೆ ಇದು ಶುರುವಾಯಿತು. ನಾನು ಮತ್ತೆ ಗೊಬ್ಬರವನ್ನೇ ಬೈದೆ. ಅಮ್ಮ ಹಳದಿ ಬಣ್ಣಕ್ಕೆ ತಿರುಗಿದ್ದ ಹುಲ್ಲನ್ನು ಎಳೆದಳು. ಬೇರಿಲ್ಲದ ಕಂಬಳಿಯ ಹಾಗೆ ಎದ್ದು ಬಂತು. ಕೆಳಗೆ ಅರ್ಧಚಂದ್ರದ ಹಾಗೆ ಸುರುಟಿಕೊಂಡ ಬಿಳಿ ಹುಳು, ಕಂದು ತಲೆ. "ಗೊಣ್ಣೆಹುಳು ಕಣೋ ಇದು! ಇಲ್ಲೂ ಇದೆಯಾ?" ಅಂದಳು. ತೆಂಗು, ಅಡಿಕೆ, ಕಬ್ಬು ಬೆಳೆಯುವವರಿಗೆ ಇದರ ಪರಿಚಯ ಬೇಕಿಲ್ಲ. ಜಾತಿ ಬೇರೆ, ವಂಶ ಅದೇ. ಇಲ್ಲಿ ಇದನ್ನು ಚೇಫರ್ ಗ್ರಬ್ ಅನ್ನುತ್ತಾರೆ. ದುಂಬಿ ಬೇಸಿಗೆಯಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಹುಲ್ಲಿನ ಬೇರು ತಿಂದು ಬೆಳೆಯುತ್ತದೆ, ಶರತ್ಕಾಲದಲ್ಲಿ ನರಿ, ಬ್ಯಾಜರ್, ಕಾಗೆ ಎಲ್ಲ ಬಂದು ಹುಲ್ಲು ಕಿತ್ತು ಅದನ್ನು ತಿನ್ನುತ್ತವೆ. ಹುಲ್ಲು ಸಾಯುವುದು ಹುಳುವಿನಿಂದ, ಬೈಗುಳ ನರಿಗೆ.

ಇಲ್ಲಿ ನರಿಯನ್ನು ಓಡಿಸಿ ಏನೂ ಪ್ರಯೋಜನವಿಲ್ಲ. ಹುಳುವಿಗೆ ಮದ್ದು ಮಾಡಬೇಕು. ನೆಮಟೋಡ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಪುಡಿ ಪೊಟ್ಟಣದಲ್ಲಿ ಸಿಗುತ್ತದೆ. ನೀರಿಗೆ ಕಲಸಿ ಹುಲ್ಲಿಗೆ ಸುರಿಯುವುದು. ಅವು ಹುಳುವಿನೊಳಗೆ ಹೊಕ್ಕು ಕೊಲ್ಲುತ್ತವೆ. ಮಣ್ಣು 12 ಡಿಗ್ರಿಗಿಂತ ಬೆಚ್ಚಗಿರಬೇಕು, ಹಾಕುವ ಮೊದಲೂ ಆಮೇಲೂ ಒದ್ದೆ ಇರಬೇಕು. ಆಗಸ್ಟ್, ಸೆಪ್ಟೆಂಬರ್ ಒಳ್ಳೆಯ ಸಮಯ. ಚಳಿ ಹಿಡಿದ ಮೇಲೆ ಹಾಕಿದರೆ ದುಡ್ಡು ದಂಡ. ಹುಳು ಬಿಳಿ ಇಲ್ಲದೆ ಬೂದು ಬಣ್ಣಕ್ಕಿದ್ದು, ಕಾಲೇ ಇಲ್ಲದೆ ಚರ್ಮದ ಚೂರಿನಂತಿದ್ದರೆ ಅದು ಲೆದರ್‌ಜಾಕೆಟ್. ಅದಕ್ಕೆ ಬೇರೆ ಜಾತಿಯ ನೆಮಟೋಡ್ ಬೇಕು, ಪೊಟ್ಟಣದ ಮೇಲೆ ಬರೆದಿರುತ್ತದೆ. ಮಳೆ ಬಿದ್ದ ರಾತ್ರಿ ಮೇಲೆ ಬರುವ ಎರೆಹುಳುವಿಗೂ ನರಿ ಬರುತ್ತದೆ. ಆದರೆ ಅದಕ್ಕೆ ಅಗೆಯುವ ಅಗತ್ಯವಿಲ್ಲ, ಆರಿಸಿ ತಿಂದು ಹೋಗುತ್ತದೆ. ಬಿಟ್ಟುಬಿಡಿ.

ಲಕ್ಷಣ: ದಿನಾ ಒಂದೇ ಹೊತ್ತಿಗೆ ಬರುತ್ತದೆ, ಹೆದರುವುದೂ ಇಲ್ಲ

ದಿನಾ ಅದೇ ಹೊತ್ತಿಗೆ ಬಂತೆಂದರೆ ದಿನಾ ಊಟ ಸಿಗುತ್ತಿದೆ ಅಂತ ಅರ್ಥ. ನಮ್ಮಲ್ಲಿ ಸಿಕ್ಕಿದ ಉತ್ತರ ಸ್ವಲ್ಪ ಮುಜುಗರದ್ದು. ಅಮ್ಮ ದಿನಾ ಕಾಗೆಗೆ ಅಂತ ಒಂದು ಹಿಡಿ ಅನ್ನ, ಮೇಲೊಂದು ಚಮಚ ತುಪ್ಪ ಹಾಕಿ ಗೋಡೆಯ ಮೂಲೆಯಲ್ಲಿ ಇಡುತ್ತಿದ್ದಳು. ಇಲ್ಲಿನ ಕಾಗೆಗಳಿಗೆ ಆ ಅಭ್ಯಾಸ ಇಲ್ಲ. ಸಂಜೆವರೆಗೂ ಅನ್ನ ಹಾಗೇ ಇರುತ್ತಿತ್ತು, ಬೆಳಿಗ್ಗೆ ಖಾಲಿ. ನಮ್ಮ ಪೂರ್ವಿಕರು ಪ್ರಸನ್ನರಾಗಿದ್ದಾರೆ ಅಂತ ಅವಳಿಗೆ ಖುಷಿ. ಕ್ಯಾಮೆರಾದಲ್ಲಿ ನೋಡಿದರೆ ಪ್ರಸನ್ನವಾಗಿದ್ದದ್ದು ಬೇರೆ. ಕಾಗೆಯ ಬಾಯಿಂದ ನರಿ ಕಸಿದ ಕಥೆ ಎರಡನೇ ಕ್ಲಾಸಿನಲ್ಲಿ ಓದಿದ್ದು, ಹ್ಯಾರೋದಲ್ಲಿ ಕಣ್ಣಾರೆ ಕಂಡೆ.

ಈ ದೋಷ ಹುಡುಕಲು ಸಂಜೆ ಕತ್ತಲಾಗುವ ಮುಂಚೆ ಒಂದು ಸುತ್ತು ಹಾಕಿ. ಹಕ್ಕಿಗೆ ಇಟ್ಟ ಕಾಳು ನೆಲಕ್ಕೆ ಉದುರಿದೆಯಾ? ಬೆಕ್ಕಿನ ತಟ್ಟೆ ಹೊರಗಿದೆಯಾ? ಸೇಬು, ಪೇರಳೆ ಮರದ ಕೆಳಗೆ ಹಣ್ಣು ಕೊಳೆಯುತ್ತಿದೆಯಾ? ನರಿ ಹಣ್ಣನ್ನೂ ಚೆನ್ನಾಗಿ ತಿನ್ನುತ್ತದೆ. ಬಾರ್ಬೆಕ್ಯೂ ಜಾಲರಿಗೆ ಕೊಬ್ಬು ಅಂಟಿದೆಯಾ? ಕಾಂಪೋಸ್ಟ್ ಡಬ್ಬದಲ್ಲಿ ಮೊಸರನ್ನ, ಚಪಾತಿ, ಒಗ್ಗರಣೆ ಹಾಕಿದ ಪಲ್ಯ ಬಿದ್ದಿದೆಯಾ? ಬೇಯಿಸಿದ್ದು ಯಾವುದೂ ಅಲ್ಲಿಗೆ ಹೋಗಬಾರದು. ನರಿ ಬಿಡಿ, ಮೊದಲು ಇಲಿ ಬರುತ್ತದೆ, ಇಲಿಯ ಹಿಂದೆ ನರಿ. ಕೌನ್ಸಿಲ್ (ಇಲ್ಲಿನ ಸ್ಥಳೀಯ ಆಡಳಿತ) ಕೊಡುವ ಆಹಾರ ಕಸದ ಸಣ್ಣ ಡಬ್ಬಿಯ ಹಿಡಿಯನ್ನು ಮುಂದಕ್ಕೆ ಬಗ್ಗಿಸಿದರೆ ಮುಚ್ಚಳ ಲಾಕ್ ಆಗುತ್ತದೆ. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ, ನನಗೂ ಮೂರು ವರ್ಷ ಗೊತ್ತಿರಲಿಲ್ಲ. ಕಸವನ್ನು ಬರೀ ಪ್ಲಾಸ್ಟಿಕ್ ಚೀಲದಲ್ಲಿ ಹಿಂದಿನ ರಾತ್ರಿಯೇ ರಸ್ತೆಗೆ ಇಡಬೇಡಿ. ಬೆಳಿಗ್ಗೆ ಇಡಿ.

ನರಿ ಊಟದ ಹಿಂದೆ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಲಂಡನ್ನಿನಲ್ಲೇ ಒಂದು ಸಾಕ್ಷಿ ಇದೆ. 2011ರಲ್ಲಿ ಶಾರ್ಡ್ ಕಟ್ಟಡ ಇನ್ನೂ ಕಟ್ಟುತ್ತಿರುವಾಗ 72ನೇ ಮಹಡಿಯಲ್ಲಿ ಒಂದು ನರಿ ಸಿಕ್ಕಿತು. ಕೆಲಸದವರು ಬಿಟ್ಟ ಊಟ ತಿಂದುಕೊಂಡು ಅಲ್ಲೇ ಇತ್ತು. ನಮ್ಮ ಹಿತ್ತಲಿನ ಆರಡಿ ಬೇಲಿ ಅದಕ್ಕೆ ಯಾವ ಲೆಕ್ಕ?

ಲಕ್ಷಣ: ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ

ನರಿಗೆ ಅದು ಜಮೀನಿನ ಗಡಿಕಲ್ಲು. ಹಳೆಯ ವಾಸನೆ ಇರುವ ತನಕ ಮತ್ತೆ ಅಲ್ಲೇ ಹೊಸದು ಇಡುತ್ತದೆ. ಕೈಗವಸು ಹಾಕಿ, ಕಂಡ ದಿನವೇ ಎತ್ತಿ ಬಿಸಾಕಿ. ಅದರಲ್ಲಿ ಟಾಕ್ಸೊಕಾರಾ ಅನ್ನುವ ಜಂತುಹುಳುವಿನ ಮೊಟ್ಟೆ ಇರಬಹುದು. ಅದು ಅಂಟುವ ಹಂತಕ್ಕೆ ಬರಲು ಕೆಲವು ವಾರ ಬೇಕು, ಹಾಗಾಗಿ ಬೇಗ ಎತ್ತಿದಷ್ಟೂ ಒಳ್ಳೆಯದು. ಮಕ್ಕಳ ಮರಳುಗುಂಡಿ ಇದ್ದರೆ ರಾತ್ರಿ ಮುಚ್ಚಿಡಿ. ಜಾಗವನ್ನು ಬಯೋಲಾಜಿಕಲ್, ಅಂದರೆ ಎಂಜೈಮ್ ಇರುವ ಬಟ್ಟೆಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ.

ಇಲ್ಲಿ ಮಾತ್ರ ಅಂಗಡಿಯ ನರಿ ನಿವಾರಕ ಪುಡಿ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ಅನುಭವ. ಅಲ್ಯೂಮಿನಿಯಂ ಅಮೋನಿಯಂ ಸಲ್ಫೇಟ್ ಇರುವ ಪುಡಿ, ನೀರಿಗೆ ಕಲಸಿ ಚಿಮುಕಿಸುವುದು. ಬೇರೆ ಯಾವುದೋ ಪ್ರಾಣಿ ಬಂದು ಗಡಿ ಹಾಕಿದೆ ಅಂತ ನರಿಗೆ ಅನಿಸಬೇಕು, ಅದೇ ಇದರ ತಂತ್ರ. ಮೊದಲ ಕೆಲವು ದಿನ ಹಿಕ್ಕೆ ಜಾಸ್ತಿಯೇ ಆಗಬಹುದು, ಅದು ಜಗಳ ಆಡುತ್ತಿದೆ ಅಂತ ತಿಳಿಯಿರಿ. ಮಳೆ ಬಂದಾಗಲೆಲ್ಲ ಮತ್ತೆ ಹಾಕಬೇಕು. ಲಂಡನ್ನಿನಲ್ಲಿ ಇದರ ಅರ್ಥ ಏನು ಅಂತ ನಿಮಗೇ ಗೊತ್ತು.

ಲಕ್ಷಣ: ರಾತ್ರಿ ಯಾರೋ ಕಿರುಚಿದ ಹಾಗೆ

ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಕೇಳಿದರೆ ಅದು ಬೆದೆಯ ಕಾಲ. ಹೆಣ್ಣು ನರಿ ವರ್ಷಕ್ಕೆ ಸುಮಾರು ಮೂರೇ ದಿನ ಗರ್ಭ ಕಟ್ಟುತ್ತದೆ, ಆ ಅವಸರದ ಗಲಾಟೆ ಇದು. ಪೊಲೀಸರಿಗೆ ಫೋನ್ ಮಾಡಬೇಡಿ. ರಿಪೇರಿ ಏನೂ ಇಲ್ಲ, ಕಿಟಕಿ ಹಾಕಿಕೊಂಡು ಮಲಗಿ.

ಲಕ್ಷಣ: ಶೆಡ್ ಅಥವಾ ಮರದ ಡೆಕ್ಕಿನ ಕೆಳಗೆ ಬಿಲ

ಇದರಲ್ಲಿ ಅವಸರ ಮಾಡಿದರೆ ಕೆಟ್ಟಿತು. ಮರಿ ಹುಟ್ಟುವುದು ಹೆಚ್ಚಾಗಿ ಮಾರ್ಚ್‌ನಲ್ಲಿ, ಒಂದು ಸೂಲಿಗೆ ನಾಲ್ಕೈದು. ಏಪ್ರಿಲ್ ಕೊನೆಗೆ ಹೊರಗೆ ಬಂದು ಕುಣಿಯತೊಡಗುತ್ತವೆ. ಮಾರ್ಚ್‌ನಿಂದ ಜೂನ್‌ವರೆಗೆ ಬಿಲ ಮುಚ್ಚಿದರೆ ಮರಿ ಒಳಗೇ ಸಾಯುತ್ತವೆ, ತಾಯಿ ಶೆಡ್ಡಿನ ನೆಲವನ್ನೇ ಹರಿದು ಹಾಕುತ್ತದೆ. ಕಾನೂನೂ ನಿಮ್ಮ ಪರ ನಿಲ್ಲುವುದಿಲ್ಲ.

ಹಾಗಾದರೆ ಏನು ಮಾಡುವುದು? ಮರಿ ಇದ್ದರೆ ಕೆಲವು ವಾರ ತಡೆದುಕೊಳ್ಳಿ. ಆಗದು ಅಂದರೆ ಹಗಲು ಅಲ್ಲೇ ಓಡಾಡಿ, ಹತ್ತಿರ ಒಂದು ರೇಡಿಯೋ ಹಚ್ಚಿಡಿ. ತಾಯಿಗೆ ನೆಮ್ಮದಿ ಕೆಟ್ಟರೆ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬೇರೆ ಬಿಲಕ್ಕೆ ಸಾಗಿಸುತ್ತದೆ. ಖಾಲಿ ಇದೆಯಾ ಅಂತ ತಿಳಿಯಲು ಬಿಲದ ಬಾಯಿಗೆ ಕಾಗದ, ಒಣ ಎಲೆ ಸಡಿಲವಾಗಿ ತುರುಕಿ. ಐದಾರು ದಿನ ಅದು ಅಲುಗಾಡದಿದ್ದರೆ ಒಳಗೆ ಯಾರೂ ಇಲ್ಲ. ಆಮೇಲೆ ಶೆಡ್ಡಿನ ಸುತ್ತ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ಹಾಕಿ. ನೆಟ್ಟಗೆ ಒಂದಡಿ ಹೂತು, ತುದಿಯನ್ನು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಹೊರಕ್ಕೆ ಮತ್ತೊಂದಡಿ ಮಡಿಸಿ ಮಣ್ಣು ಮುಚ್ಚಬೇಕು. ನರಿ ಗೋಡೆಯ ಬುಡದಲ್ಲೇ ಅಗೆಯುತ್ತದೆ, ಜಾಲರಿ ಸಿಗುತ್ತದೆ, ಎರಡಡಿ ಹಿಂದೆ ಸರಿದು ಅಗೆಯಬೇಕು ಅಂತ ಅದಕ್ಕೆ ಹೊಳೆಯುವುದು ಕಮ್ಮಿ. ನರಿ ಬುದ್ಧಿ ಅಂತ ನಾವು ಹೊಗಳಿದ್ದು ಸ್ವಲ್ಪ ಜಾಸ್ತಿಯಾಯಿತೇನೋ.

ಲಕ್ಷಣ: ಮೊಲದ ಗೂಡಿನ ಸುತ್ತ ಸುತ್ತುತ್ತದೆ

ಇದೊಂದರಲ್ಲಿ ಎರಡು ವಾರ ಕಾಯುವ ಮಾತಿಲ್ಲ, ಇವತ್ತೇ ಮಾಡಿ. ಕೋಳಿ ಜಾಲರಿ ಅನ್ನುವ ತೆಳು ಆರುಮೂಲೆ ತಂತಿಯನ್ನು ನರಿ ಹಲ್ಲಿನಲ್ಲೇ ಹರಿಯುತ್ತದೆ. ಅದು ಕೋಳಿಯನ್ನು ಒಳಗಿಡಲು ಮಾಡಿದ್ದು, ನರಿಯನ್ನು ಹೊರಗಿಡಲು ಅಲ್ಲ. ದಪ್ಪ ವೆಲ್ಡ್ ಮೆಶ್ ಬೇಕು, ಮೇಲೂ ಮುಚ್ಚಿರಬೇಕು, ಅಡಿಯಲ್ಲಿ ಜಾಲರಿಯೋ ಚಪ್ಪಡಿಯೋ ಇರಬೇಕು. ಬಾಗಿಲಿಗೆ ಮರದ ತಿರುಗುಣಿ ಸಾಲದು, ಕಬ್ಬಿಣದ ಚಿಲಕ, ಸಾಧ್ಯವಾದರೆ ಬೀಗ. 10-12 ಸೆಂಟಿಮೀಟರ್ ಸಂದು ಸಿಕ್ಕರೆ ನರಿಗೆ ಸಾಕು. ಕೋಳಿಗಳನ್ನು ಕತ್ತಲಾಗುವ ಮುಂಚೆ ಎಣಿಸಿ ಒಳಗೆ ಹಾಕಿ.

ದೊಡ್ಡ ಬೆಕ್ಕಿಗೂ ನರಿಗೂ ಸಾಮಾನ್ಯವಾಗಿ ಜಗಳ ಆಗುವುದಿಲ್ಲ. ನಮ್ಮ ಕ್ಯಾಮೆರಾದಲ್ಲಿ ಪಕ್ಕದ ಮನೆಯ ಬೆಕ್ಕೇ ನರಿಯನ್ನು ಎರಡು ಸಲ ಅಟ್ಟಿದೆ.

ಲಕ್ಷಣ: ಚಪ್ಪಲಿ, ಕೈಗವಸು ಮಾಯ

ಮರಿಗಳು ಆಟಕ್ಕೆ ಒಯ್ಯುತ್ತವೆ. ಚರ್ಮದ್ದು, ಬೆವರಿನ ವಾಸನೆಯದ್ದು ಇಷ್ಟ. ಒಳಗಿಡಿ. ನಮ್ಮ ಪದ್ಧತಿ ಪ್ರಕಾರ ಹೊರಗೆ ಬಿಡಲೇಬೇಕು ಅಂದರೆ ಮುಚ್ಚಳದ ಪೆಟ್ಟಿಗೆ ತನ್ನಿ. ಮೇ, ಜೂನ್‌ನಲ್ಲಿ ನೀರಿನ ಪೈಪನ್ನೂ ಕಚ್ಚಿ ತೂತು ಮಾಡುತ್ತವೆ, ಸುತ್ತಿ ಶೆಡ್ಡಿಗೆ ಹಾಕಿ.

ಓಡಿಸುವ ಸಾಧನಗಳ ಬಗ್ಗೆ

ಮೇಲಿನದೆಲ್ಲ ಮುಗಿದ ಮೇಲೆ ಇವು. ನನ್ನ ಅಲ್ಟ್ರಾಸೋನಿಕ್ ಯಂತ್ರದ ಮುಂದೆ ನರಿ ಕೂತು ಕಿವಿ ಕೆರೆದುಕೊಂಡ ವಿಡಿಯೋ ಇದೆ. ಕೆಲವರಿಗೆ ಅದು ಉಪಯೋಗವಾಗಿದೆ, ನನಗೆ ಆಗಲಿಲ್ಲ. ಮೆಣಸಿನ ಪುಡಿ ಒಂದು ಮಳೆಗೆ ತೊಳೆದು ಹೋಯಿತು, ಉಳಿದದ್ದು ನನ್ನ ಕಣ್ಣಿಗೆ ಬಿತ್ತು. ಚಲನೆ ಕಂಡ ಕೂಡಲೇ ನೀರು ಚಿಮ್ಮಿಸುವ ಯಂತ್ರ ಇದೆಯಲ್ಲ, ಪೈಪಿಗೆ ಜೋಡಿಸುವಂಥದ್ದು, ಅದು ಮಾತ್ರ ನಿಜವಾಗಿ ಬೆಚ್ಚಿಬೀಳಿಸಿತು. ವಾರಕ್ಕೊಮ್ಮೆ ಜಾಗ ಬದಲಿಸಬೇಕು, ಇಲ್ಲದಿದ್ದರೆ ಅದನ್ನು ಬಳಸಿ ಹೋಗುವ ದಾರಿ ಕಲಿಯುತ್ತದೆ. ಹಾಲಿನವನು ಒದ್ದೆಯಾದರೆ ನನ್ನನ್ನು ದೂರಬೇಡಿ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ, ತೆಗೆದಿಡಿ.

ವಿಷ ಇಡುವುದು ಅಪರಾಧ. ನಿವಾರಕ ಅಂತ ಒಪ್ಪಿಗೆ ಇರುವ ಸಾಮಾನನ್ನು ಮಾತ್ರ ಬಳಸಬಹುದು. ಡೀಸೆಲ್, ಫಿನಾಯಿಲ್, ನುಸಿಗುಳಿಗೆ ಸುರಿಯುವ ಹಾಗಿಲ್ಲ. ಕಾಡುಪ್ರಾಣಿಗೆ ಹಿಂಸೆ ಕೊಡುವುದನ್ನು ತಡೆಯುವ 1996ರ ಕಾಯ್ದೆ ನರಿಗೂ ಅನ್ವಯಿಸುತ್ತದೆ. ಕೌನ್ಸಿಲ್‌ಗೆ ಫೋನ್ ಮಾಡಿದರೆ ಹಿಡಿಯಲು ಯಾರೂ ಬರುವುದಿಲ್ಲ. ನಾನೂ ಒಬ್ಬ ಕೀಟ ನಿಯಂತ್ರಣದವನನ್ನು ಕರೆಸಿದ್ದೆ, ಹಿಡಿದುಕೊಂಡು ಹೋಗುತ್ತೇನೆ ಅಂತ ದೊಡ್ಡ ಮೊತ್ತ ಹೇಳಿದ. ಬೇಡ ಅಂದೆ. ಒಂದು ನರಿ ಹೋದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಪಕ್ಕದ್ದು ಬರುತ್ತದೆ. 1980ರ ದಶಕಕ್ಕೆ ಮುಂಚೆ ಲಂಡನ್ನಿನಲ್ಲಿ ವರ್ಷಗಟ್ಟಲೆ ಕೊಲ್ಲಿಸಿ ನೋಡಿ ಕೈಬಿಟ್ಟಿದ್ದಾರೆ. ಸಂಖ್ಯೆ ನಿಜವಾಗಿ ಕುಸಿದದ್ದು ಬ್ರಿಸ್ಟಲ್ ನಗರದಲ್ಲಿ, ಅದೂ ಮನುಷ್ಯರಿಂದ ಅಲ್ಲ. 1994ರಲ್ಲಿ ಬಂದ ಕಜ್ಜಿರೋಗಕ್ಕೆ ಅಲ್ಲಿನ ನರಿಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಸತ್ತವು. ಆಮೇಲೆ ಅಲ್ಲೂ ಮತ್ತೆ ಬೆಳೆದವು.

ಹುಚ್ಚುನಾಯಿ ರೋಗದ ಭಯ ಅಮ್ಮನಿಗೆ ಬಹಳ ಇತ್ತು. ಬ್ರಿಟನ್ನಿನ ನರಿಗಳಲ್ಲಿ ರೇಬೀಸ್ ಇಲ್ಲ. ಊರಲ್ಲಿ ನರಿ ಕಚ್ಚಿದರೆ ಮಾತ್ರ ಹಾಗೆ ಬಿಡಬೇಡಿ, ಕೂಡಲೇ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ, ಲಸಿಕೆ ಬೇಕೇ ಬೇಕು. ಇಲ್ಲಿ ನರಿ ಮನುಷ್ಯರ ಮೇಲೆ ಬೀಳುವುದು ತೀರ ಅಪರೂಪ. ಆದರೂ 2010ರಲ್ಲಿ ಹ್ಯಾಕ್ನಿಯಲ್ಲಿ ಮನೆಯೊಳಗೆ ಮಲಗಿದ್ದ ಅವಳಿ ಮಕ್ಕಳಿಗೆ ಗಾಯವಾಗಿತ್ತು. ಎಳೆ ಮಗು ಇರುವ ಮನೆಯಲ್ಲಿ ಸೆಕೆ ಅಂತ ಹಿಂಬಾಗಿಲು ತೆರೆದಿಟ್ಟು ಮಲಗಬೇಡಿ.

ಎಲ್ಲ ಮಾಡಿದರೂ ನಿಲ್ಲುತ್ತಿಲ್ಲವೆಂದರೆ

ಆಗ ದೋಷ ಬೇಲಿಯ ಆಚೆ ಇದೆ. ಕೆಂಪು ಸಿಂಹದ ಮೊಟ್ಟೆ ನೆನಪಿದೆಯಲ್ಲ? ಕ್ಯಾಮೆರಾವನ್ನು ಪಾತಿಯ ಕಡೆಯಿಂದ ಬೇಲಿಯ ಕಡೆಗೆ ತಿರುಗಿಸಿದೆ. ಮೂರನೇ ರಾತ್ರಿ, 9 ಗಂಟೆ 10 ನಿಮಿಷಕ್ಕೆ, ನರಿ ಎಡಗಡೆ ಮನೆಯಿಂದ ಬೇಲಿ ಹಾರಿ ಬಂತು, ಬಾಯಲ್ಲಿ ಮೊಟ್ಟೆ. ಆ ಮನೆಯಲ್ಲಿರುವುದು ಎಂಬತ್ತು ದಾಟಿದ ಒಬ್ಬ ಅಜ್ಜಿ, ಒಬ್ಬರೇ. ಹೋಗಿ ದಬಾಯಿಸುವಂತಿಲ್ಲ. ನರಿಗೆ ಊಟ ಹಾಕಬಾರದು ಅಂತ ಇಲ್ಲಿ ಕಾನೂನೂ ಇಲ್ಲ.

ಅಮ್ಮ ಒಂದು ಡಬ್ಬಿ ರವೆ ಉಂಡೆ ಹಿಡಿದುಕೊಂಡು ಹೊರಟಳು, ಅನುವಾದಕ್ಕೆ ನಾನು. ಅಜ್ಜಿ ದಿನಾ ಸಂಜೆ ಎರಡು ಮೊಟ್ಟೆ, ಒಂದು ತಟ್ಟೆ ನಾಯಿಯ ಊಟ ಇಡುತ್ತಿದ್ದರು. ಹನ್ನೊಂದು ವರ್ಷದಿಂದ. ಅದೇ ನರಿ ಅಂತ ಅವರ ನಂಬಿಕೆ. ಪೇಟೆಯ ನರಿ ಎರಡು ವರ್ಷ ಬದುಕಿದರೆ ಹೆಚ್ಚು ಅನ್ನುವುದನ್ನು ನಾನು ಹೇಳಲಿಲ್ಲ. ಕೊತ್ತಂಬರಿ ಕುಂಡದ ಕಥೆ ಕೇಳಿ ತುಂಬಾ ನಕ್ಕರು. ಕೊನೆಗೆ ಒಪ್ಪಿದ್ದು ಇಷ್ಟು: ಮೊಟ್ಟೆ ಬೇಡ, ಹೂತಿಡಲು ಆಗದಂಥ ಊಟ ಸ್ವಲ್ಪವೇ, ನರಿ ತಿಂದು ಮುಗಿಸುವ ತನಕ ಅಜ್ಜಿ ಕಿಟಕಿಯಲ್ಲಿ ಕೂತು ನೋಡಬೇಕು, ಮಿಕ್ಕಿದ್ದನ್ನು ಎತ್ತಿಡಬೇಕು. ಕೂತು ನೋಡುವುದು ಅವರಿಗೆ ಕಷ್ಟದ ಷರತ್ತೇ ಅಲ್ಲ. ಅದಕ್ಕೇ ಅಲ್ವಾ ಅವರು ಊಟ ಹಾಕುತ್ತಿದ್ದದ್ದು.

ಅಕ್ಟೋಬರ್ ಎರಡನೇ ವಾರದಿಂದ ಕುಂಡಗಳಲ್ಲಿ ಏನೂ ಸಿಕ್ಕಿಲ್ಲ. ಕ್ಯಾಮೆರಾದಲ್ಲಿ ನರಿ ಈಗಲೂ ಇದೆ. ರಾತ್ರಿ 9 ಕಳೆದ ಮೇಲೆ ಎಡಗಡೆಯಿಂದ ಬೇಲಿ ಹತ್ತುತ್ತದೆ, ಅದರ ಮೇಲೇ ನಡೆದು ಬಲಗಡೆ ಇಳಿಯುತ್ತದೆ. ನಮ್ಮ ಹಿತ್ತಲಿಗೆ ಇಳಿಯುವುದಿಲ್ಲ. ಮಾರ್ಚ್ ಬರುವ ಮುಂಚೆ ಶೆಡ್ಡಿನ ಹಿಂಭಾಗಕ್ಕೆ ಜಾಲರಿ ಹೂಳುವ ಕೆಲಸ ಇನ್ನೂ ಬಾಕಿ ಇದೆ.